ಮಗಳಿಗೆ ಒಂದೂಮುಕ್ಕಾಲು ವರ್ಷ. ಎರಡನೇದಕ್ಕೆ ಎಷ್ಟು ಅಂತರ ಬಿಡಬೇಕು?

ಸೋಮವಾರಪೇಟೆ ಸೊಸೆ

ನಮಸ್ತೆ ಎಲ್ಲರಿಗೂ. ನೇರವಾಗಿ ವಿಷಯಕ್ಕೆ ಬರುತ್ತೇನೆ. ನನಗೆ 31. ಮಗಳು ಹುಟ್ಟಿದ್ದು ಮೇ ತಿಂಗಳಲ್ಲಿ, ಈಗ ಒಂದೂಮುಕ್ಕಾಲು ವರ್ಷ. ಸಿಸೇರಿಯನ್ ಆಗಿತ್ತು. ಇನ್ನೂ ರಾತ್ರಿ ಎದ್ದು ಹಾಲು ಕುಡಿಯುತ್ತಾಳೆ, ಬಿಡಿಸಲು ಹೋದರೆ ಇಡೀ ಮನೆ ಎಬ್ಬಿಸುತ್ತಾಳೆ.

ಮೊನ್ನೆ ನೆಂಟರ ಮದುವೆಯಲ್ಲಿ ಊಟಕ್ಕೆ ಕೂತಿದ್ದಾಗ ಅತ್ತೆ ಎಲ್ಲರೆದುರೇ ಕೇಳಿಬಿಟ್ಟರು, "ಎರಡನೇದು ಯಾವಾಗಮ್ಮ? ಬೇಗ ಒಂದು ಆಗಿಬಿಟ್ಟರೆ ಒಟ್ಟಿಗೆ ಬೆಳೆದುಕೊಳ್ಳುತ್ತವೆ" ಅಂತ. ಎಲೆಯ ಮೇಲೆ ಪಾಯಸ ಬಡಿಸುತ್ತಿದ್ದವರೂ ನಿಂತು ನನ್ನ ಉತ್ತರಕ್ಕೆ ಕಾದರು. ನಾನು ನಕ್ಕು ಸುಮ್ಮನಾದೆ. ಅತ್ತೆ ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅವರಿಗೆ ನನ್ನ ಗಂಡ ಮತ್ತು ಮೈದುನ ಹದಿನಾಲ್ಕು ತಿಂಗಳ ಅಂತರದಲ್ಲಿ ಹುಟ್ಟಿದ್ದು. "ನಾನು ಸಾಕಲಿಲ್ವಾ?" ಅಂತಾರೆ. ಸಾಕಿದರು, ನಿಜ. ಆದರೆ ಆಗ ಮನೆ ತುಂಬಾ ಜನ. ಇಬ್ಬರು ನಾದಿನಿಯರು ಇದ್ದರು, ಅಜ್ಜಿ ಇದ್ದರು, ತೋಟದ ಕೆಲಸದವರ ಲೈನ್ ಮನೆಯಿಂದ ಒಬ್ಬಾಕೆ ಮಗು ಎತ್ತಿಕೊಳ್ಳಲೆಂದೇ ಬರುತ್ತಿದ್ದಳಂತೆ. ಈಗ ಮನೆಯಲ್ಲಿ ನಾವು ನಾಲ್ಕು ಜನ. ಕಾಫಿ ಕೊಯ್ಲು ಬಂದರೆ ಗಂಡ ಮತ್ತು ಮಾವ ಬೆಳಿಗ್ಗೆ ಹೋದವರು ಸಂಜೆ ತೂಕ ಹಾಕಿ ಮುಗಿಸಿಯೇ ಒಳಗೆ ಬರುವುದು.

ನನ್ನಮ್ಮ ಶನಿವಾರಸಂತೆಯಲ್ಲಿದ್ದಾರೆ. ಮೊದಲ ಬಾಣಂತನ ಅವರೇ ಮಾಡಿದ್ದು. ಈಗ ಮೊಣಕಾಲು ನೋವು ಜಾಸ್ತಿ, ಆದರೂ "ನೀನು ಯೋಚನೆ ಮಾಡಬೇಡ" ಅಂತಾರೆ. ಗಂಡನನ್ನು ಕೇಳಿದರೆ "ನಿನಗೆ ಹೇಗೆ ಸರಿಯೋ ಹಾಗೆ". ಇದು ಒಳ್ಳೆಯ ಮಾತೋ ಜಾರಿಕೊಳ್ಳುವ ಮಾತೋ ನನಗೆ ಗೊತ್ತಾಗುವುದಿಲ್ಲ.

ನನ್ನ ಮನಸ್ಸಿನಲ್ಲಿ ಇದ್ದದ್ದು ನಾಲ್ಕು ವರ್ಷ. ಆದರೆ ಅಷ್ಟು ಬಿಟ್ಟರೆ ಮಕ್ಕಳು ಹತ್ತಿರ ಆಗುವುದಿಲ್ಲ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ. ಎರಡು ಮಕ್ಕಳಿರುವವರು ನಿಮ್ಮದು ಎಷ್ಟು ಅಂತರ, ಹೇಗಿತ್ತು, ಸ್ವಲ್ಪ ಬಿಡಿಸಿ ಹೇಳ್ತೀರಾ? "ದೇವರು ಕೊಟ್ಟಾಗ" ಅನ್ನುವ ಉತ್ತರ ಬೇಡ, ಅದು ಮದುವೆ ಮನೆಯಲ್ಲೇ ಸಿಕ್ಕಿದೆ.

ಅವಳಿ ಅಲ್ಲ ರೀ

ಕುಶಾಲನಗರದಿಂದ. ನನ್ನ ಇಬ್ಬರು ಗಂಡುಮಕ್ಕಳಿಗೆ ಹದಿನೇಳು ತಿಂಗಳ ಅಂತರ. ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ "ಅವಳಿನಾ?" ಅಂತ ಕೇಳುತ್ತಾರೆ, ಅದಕ್ಕೇ ಈ ಹೆಸರು.

ಈಗ ದೊಡ್ಡವನಿಗೆ ಏಳು. ಈಗ ಬಂದು ಕೇಳಿದರೆ ಸೂಪರ್ ಅನ್ನುತ್ತೇನೆ. ಒಂದೇ ಆಟ, ಒಂದೇ ಸೈಕಲ್ಲಿಗೆ ಜಗಳ, ಒಂದೇ ಶಾಲೆ ವ್ಯಾನು. ದೊಡ್ಡವನ ಯೂನಿಫಾರಂ ಚಿಕ್ಕವನಿಗೆ ಆಗುವುದಿಲ್ಲ ಮಾತ್ರ, ಇಬ್ಬರೂ ಒಂದೇ ಎತ್ತರ! ಆದರೆ ನೀವು ಆರು ವರ್ಷದ ಹಿಂದೆ ಕೇಳಿದ್ದರೆ ನಾನು ಉತ್ತರ ಬರೆಯುವ ಸ್ಥಿತಿಯಲ್ಲೇ ಇರಲಿಲ್ಲ.

ಜೂನ್ ಜುಲೈ ನೆನೆಸಿಕೊಳ್ಳಿ. ಇಬ್ಬರಿಗೂ ಲಂಗೋಟಿ. ಆಗ ನಾವು ಇದ್ದದ್ದು ಮಾದಾಪುರದ ಹತ್ತಿರ ಗಂಡನ ಮನೆಯಲ್ಲಿ. ವಾರಗಟ್ಟಲೆ ಬಿಸಿಲಿಲ್ಲ, ಕರೆಂಟಿಲ್ಲ, ಬಟ್ಟೆ ಒಣಗಿಸುವುದು ನೀರೊಲೆ ಮೇಲೆ ಹಗ್ಗ ಕಟ್ಟಿ. ಮಕ್ಕಳ ಬಟ್ಟೆ ಎಲ್ಲಾ ಹೊಗೆ ವಾಸನೆ. ಒಂದಕ್ಕೆ ಶೀತ ಬಂದರೆ ಎರಡೇ ದಿನದಲ್ಲಿ ಇನ್ನೊಂದಕ್ಕೆ. ದೊಡ್ಡದು ನಡೆಯಲು ಕಲಿತಿದ್ದು ಅಷ್ಟೇ, ಮಾತು ಬರುತ್ತಿರಲಿಲ್ಲ, ಚಿಕ್ಕದಕ್ಕೆ ಹಾಲು ಕೊಡುವಾಗ ಬಂದು ನನ್ನ ಕೂದಲು ಹಿಡಿದು ಎಳೆಯುತ್ತಿತ್ತು. ಅದಕ್ಕೂ ಪಾಪ ಏನು ತಿಳಿಯುತ್ತೆ, ಅದೂ ಮಗುವೇ ಅಲ್ವಾ.

ನನ್ನ ಹಿಮೋಗ್ಲೋಬಿನ್ 8ಕ್ಕೆ ಇಳಿದಿತ್ತು. ಮಾತ್ರೆ ಸಾಲದೆ ಕಬ್ಬಿಣಾಂಶದ ಡ್ರಿಪ್ ಹಾಕಿಸಿಕೊಂಡೆ. ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ನನ್ನದು ಎರಡೂ ನಾರ್ಮಲ್ ಹೆರಿಗೆ, ಆದರೂ ಹೀಗೆ. ಗಂಡ ಮನೆಯಿಂದಲೇ ಕೆಲಸ ಮಾಡುತ್ತಿದ್ದರು, ರಾತ್ರಿ ಒಂದು ಮಗು ಪೂರ್ತಿ ಅವರದ್ದೇ. ಆ ಒಂದು ವಿಷಯ ಇಲ್ಲದಿದ್ದರೆ ನಾನು ತವರಿಗೆ ಹೊರಟುಬಿಡುತ್ತಿದ್ದೆ.

ಆದ್ದರಿಂದ ನಿಮ್ಮ ಗಂಡನ "ನಿನಗೆ ಹೇಗೆ ಸರಿಯೋ ಹಾಗೆ" ಇದೆಯಲ್ಲ, ಅದಕ್ಕೆ ಒಂದು ಮರುಪ್ರಶ್ನೆ ಹಾಕಿ. ರಾತ್ರಿ ಎರಡು ಗಂಟೆಗೆ ಇಬ್ಬರೂ ಎದ್ದರೆ ದೊಡ್ಡವಳು ಯಾರ ಹತ್ತಿರ ಮಲಗುತ್ತಾಳೆ? ಅದಕ್ಕೆ ಬರುವ ಉತ್ತರದ ಮೇಲೆ ಅಂತರ ತೀರ್ಮಾನ ಮಾಡಿ.

ನಿವೃತ್ತ ಸಿಸ್ಟರ್, ವಿರಾಜಪೇಟೆ

ನೋಡಮ್ಮ, ನಾನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸರ್ವಿಸ್ ಮುಗಿಸಿದವಳು. ಲೈನ್ ಮನೆಗಳಿಗೂ ಹೋಗಿದ್ದೇನೆ, ದೊಡ್ಡ ಬಂಗಲೆಗಳಿಗೂ ಹೋಗಿದ್ದೇನೆ, ಈ ಪ್ರಶ್ನೆ ಎರಡು ಕಡೆಯೂ ಒಂದೇ.

ಮೊದಲು ಲೆಕ್ಕ ಸರಿ ಮಾಡಿಕೊಳ್ಳೋಣ. ಜನ "ಎರಡು ವರ್ಷ ಗ್ಯಾಪ್ ಸಾಕಂತೆ" ಅಂತ ಹೇಳುತ್ತಾರೆ. ಯಾವುದರಿಂದ ಯಾವುದಕ್ಕೆ ಎರಡು ವರ್ಷ ಅಂತ ಯಾರೂ ಕೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ತಜ್ಞರನ್ನು ಸೇರಿಸಿ ಚರ್ಚಿಸಿದ ಮೇಲೆ ಹೇಳಿದ್ದು ಇಷ್ಟು: ಒಂದು ಹೆರಿಗೆ ಆದ ಮೇಲೆ ಮುಂದಿನ ಬಸಿರಿಗೆ ಪ್ರಯತ್ನ ಮಾಡುವ ಮುಂಚೆ ಕನಿಷ್ಠ 24 ತಿಂಗಳು ಬಿಡಿ. ಅದಕ್ಕೆ ಒಂಬತ್ತು ತಿಂಗಳು ಸೇರಿಸಿದರೆ ಮಕ್ಕಳ ನಡುವೆ 33 ತಿಂಗಳು, ಅಂದರೆ ಮೂರು ವರ್ಷಕ್ಕೆ ಹತ್ತಿರ. ನಮ್ಮ ಸರ್ಕಾರದ ಕಾರ್ಯಕ್ರಮದಲ್ಲಿ ಮೂರು ವರ್ಷದ ಅಂತರ ಅಂತ ಹೇಳುವುದೂ ಇದಕ್ಕೇ. ಎರಡೂ ಒಂದೇ ಮಾತು.

ಏಕೆ ಅಂತ ಕೇಳಿದರೆ, ಬಸಿರಿನಲ್ಲಿ ಮತ್ತು ಹಾಲು ಕೊಡುವಾಗ ತಾಯಿಯ ಕಬ್ಬಿಣಾಂಶ, ಫೋಲೇಟ್ ಎಲ್ಲ ಕರಗಿರುತ್ತದೆ. ಅದು ತುಂಬಿಕೊಳ್ಳುವ ಮೊದಲೇ ಇನ್ನೊಂದು ನಿಂತರೆ ರಕ್ತಹೀನತೆ ಆಗುತ್ತದೆ, ಮಗು ತಿಂಗಳು ತುಂಬುವ ಮುಂಚೆ ಹುಟ್ಟುವುದು, ತೂಕ ಕಡಿಮೆ ಇರುವುದು ಜಾಸ್ತಿ. ತೋಟದವರಿಗೆ ನಾನು ಹೇಳುತ್ತಿದ್ದದ್ದು, ಒಂದು ವರ್ಷ ಅರೇಬಿಕಾ ಕಾಫಿ ಗಿಡ ಕೊಂಬೆ ಬಗ್ಗುವಷ್ಟು ಕಾಯಿ ಹೊತ್ತರೆ ಮುಂದಿನ ವರ್ಷ ನೀವೇ ಅದರಿಂದ ಫಸಲು ನಿರೀಕ್ಷೆ ಮಾಡುವುದಿಲ್ಲ, ಗೊಬ್ಬರ ಹಾಕಿ ಬಿಡುತ್ತೀರಿ, ಸೊಸೆಗೆ ಯಾಕೆ ಬಿಡುವುದಿಲ್ಲ? ಅತ್ತೆಯಂದಿರು ನಗುತ್ತಿದ್ದರು, ಆದರೆ ಅರ್ಥ ಆಗುತ್ತಿತ್ತು. ನಿನ್ನ ಅತ್ತೆಗೂ ಹೇಳಿ ನೋಡು.

ನಿನಗೆ ಸಿಸೇರಿಯನ್ ಆಗಿದೆ ಅಂದೆಯಲ್ಲ. ಅದು ಮುಖ್ಯ. ಹೊಲಿಗೆ ಹೊರಗೆ ಒಣಗಿದ್ದು ಕಾಣುತ್ತದೆ, ಗರ್ಭಕೋಶದ್ದು ಕಾಣುವುದಿಲ್ಲ. ಎರಡು ಹೆರಿಗೆಗಳ ನಡುವೆ ಹದಿನೆಂಟು ಹತ್ತೊಂಬತ್ತು ತಿಂಗಳಿಗಿಂತ ಕಡಿಮೆ ಇದ್ದರೆ, ನೋವು ಬಂದಾಗ ಆ ಹೊಲಿಗೆ ಬಿಟ್ಟುಕೊಳ್ಳುವ ಅಪಾಯ ಹೆಚ್ಚು. ನೀನು ಆ ಗಡಿ ಆಗಲೇ ದಾಟಿದ್ದೀಯ, ಹೆದರಬೇಡ. ಎರಡನೇದು ನಾರ್ಮಲ್ ಆಗಬೇಕು ಅಂತ ಆಸೆ ಇದ್ದರೆ ಹಿಂದಿನ ಡಿಸ್ಚಾರ್ಜ್ ಕಾರ್ಡ್ ಹುಡುಕಿ ಇಟ್ಟುಕೋ. ಕೊಯ್ದದ್ದು ಅಡ್ಡವೋ ಉದ್ದವೋ, ಯಾವ ಕಾರಣಕ್ಕೆ ಮಾಡಿದ್ದು, ಡಾಕ್ಟರ್ ಮೊದಲು ಕೇಳುವುದು ಅದನ್ನೇ. ಮತ್ತೆ ಆ ಪ್ರಯತ್ನಕ್ಕೆ ತಕ್ಷಣ ಆಪರೇಷನ್ ಮಾಡುವ ವ್ಯವಸ್ಥೆ, ರಕ್ತದ ವ್ಯವಸ್ಥೆ ಇರುವ ಆಸ್ಪತ್ರೆಯೇ ಬೇಕು. ಮನೆ ಹತ್ತಿರದ ಸಣ್ಣ ನರ್ಸಿಂಗ್ ಹೋಂ ಸಾಕು ಅಂತ ಕೂರಬೇಡ.

ಇನ್ನೊಂದು ಮಾತು, ಹಾಲು ಕುಡಿಸುತ್ತಿದ್ದರೆ ಬಸಿರು ನಿಲ್ಲುವುದಿಲ್ಲ ಅಂತ ನಮ್ಮಲ್ಲಿ ನಂಬಿಕೆ. ಅದು ಮಗುವಿಗೆ ಆರು ತಿಂಗಳು ಆಗುವವರೆಗೆ, ಬರೀ ಎದೆಹಾಲೇ ಕೊಡುತ್ತಿದ್ದರೆ, ಮುಟ್ಟು ಶುರು ಆಗದೆ ಇದ್ದರೆ ಮಾತ್ರ. ಮೂರರಲ್ಲಿ ಒಂದು ತಪ್ಪಿದರೂ ನಂಬುವ ಹಾಗಿಲ್ಲ. ನಿನಗೆ ಅದು ಮುಗಿದ ಕಥೆ.

ನಾಲ್ಕು ವರ್ಷಕ್ಕೆ ದೇಹದ ಲೆಕ್ಕದಲ್ಲಿ ತೊಂದರೆ ಇಲ್ಲ. ಐದು ದಾಟಿದರೆ ಮತ್ತೆ ಬಿಪಿ ತೊಂದರೆ ಸ್ವಲ್ಪ ಹೆಚ್ಚು ನೋಡುತ್ತೇವೆ.

ಗೋಣಿಕೊಪ್ಪದ ಅಪ್ಪ

ಸಿಸ್ಟರ್ ಹೇಳಿದ್ದು ಸರಿ. ನಾನು ಫೀಸಿನ ಲೆಕ್ಕ ಹೇಳುತ್ತೇನೆ, ಯಾರಾದರೂ ಒಬ್ಬರು ಹೇಳಬೇಕಲ್ಲ.

ಎರಡು ವರ್ಷದ ಅಂತರ ಇದ್ದರೆ ದೊಡ್ಡದು ಸೆಕೆಂಡ್ ಪಿಯುಸಿಗೆ ಬಂದಾಗ ಚಿಕ್ಕದು ಎಸ್ಸೆಸ್ಸೆಲ್ಸಿ. ಒಂದೇ ವರ್ಷ ಮನೆಯಲ್ಲಿ ಎರಡು ಬೋರ್ಡ್ ಪರೀಕ್ಷೆ. ನನ್ನ ಅಕ್ಕನ ಮನೆಯಲ್ಲಿ ಇದೇ ಆಯಿತು, ಟಿವಿಗೆ ಬೆಡ್‌ಶೀಟ್ ಹೊದಿಸಿ ಇಟ್ಟಿದ್ದರು. ಮೇಲಿಂದ ಸಿಇಟಿ, ನೀಟ್ ಕೋಚಿಂಗ್ ಅಂತ ಮೈಸೂರಿಗೋ ಮಂಗಳೂರಿಗೋ ಹಾಸ್ಟೆಲ್. ಇಲ್ಲಿನ ಮಕ್ಕಳು ಎಷ್ಟು ಜನ ಪಿಯುಸಿಗೇ ಜಿಲ್ಲೆ ಬಿಡುತ್ತಾರೆ ನಿಮಗೇ ಗೊತ್ತು. ನಾಲ್ಕು ವರ್ಷ ಬಿಟ್ಟರೆ ದೊಡ್ಡದು ಇಂಜಿನಿಯರಿಂಗ್ ಮುಗಿಸುವ ಹೊತ್ತಿಗೆ ಚಿಕ್ಕದು ಸೇರುತ್ತದೆ. ಎರಡು ಫೀಸು ಒಟ್ಟಿಗೆ ಬೀಳುವುದಿಲ್ಲ. ಕಾಫಿ ರೇಟು ಈ ವರ್ಷ ಇದ್ದ ಹಾಗೆ ಮುಂದಿನ ವರ್ಷ ಇರುತ್ತಾ?

ನಮ್ಮದು ನಾಲ್ಕೂವರೆ ವರ್ಷ. ಮಗಳು ತಮ್ಮ ಹುಟ್ಟಿದಾಗ ತಾನೇ ಲಂಗೋಟಿ ತಂದು ಕೊಡುತ್ತಿದ್ದಳು. ಹೊಟ್ಟೆಕಿಚ್ಚು ಇರಲಿಲ್ಲ ಅಂತಲ್ಲ, ಇತ್ತು, ಒಂದು ತಿಂಗಳು ರಾತ್ರಿ ಹಾಸಿಗೆ ಒದ್ದೆ ಮಾಡುತ್ತಿದ್ದಳು. ಬೈಯದೆ ಬಿಟ್ಟೆವು, ತಾನಾಗಿ ನಿಂತಿತು.

ಒಂದು ವಿಷಯ, ನೀವು ಕೆಲಸಕ್ಕೆ ಹೋಗುವವರಾದರೆ ಗಮನಿಸಿ. ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೂ 26 ವಾರ ಸಂಬಳದೊಂದಿಗೆ ಸಿಗುತ್ತದೆ, ಮೂರನೆಯದಕ್ಕೆ 12 ವಾರ. ಆದರೆ ಹೆರಿಗೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 80 ದಿನ ಆ ಕಡೆ ಕೆಲಸ ಮಾಡಿರಬೇಕು. ಮೊದಲ ಮಗುವಿಗೆ ಕೆಲಸ ಬಿಟ್ಟು, ಮತ್ತೆ ಸೇರುವ ಮುಂಚೆಯೇ ಎರಡನೇದಕ್ಕೆ ಹೋದರೆ ಆ ರಜೆ, ಸಂಬಳ ಎರಡೂ ಇಲ್ಲ.

ಮೂರನೇದು ಅಂದಾಗ ನೆನಪಾಯಿತು. ನಮ್ಮ ಕಡೆ ಐನ್‌ಮನೆಯಲ್ಲಿ (ಕುಟುಂಬದ ಮೂಲ ಮನೆ) ಸೇರಿದಾಗ ಹಿರಿಯರು ಎರಡಕ್ಕೆ ನಿಲ್ಲಿಸಬೇಡಿ, ಒಕ್ಕದಲ್ಲಿ (ಮನೆತನದಲ್ಲಿ) ಜನವೇ ಇಲ್ಲ ಅಂತ ಶುರು ಮಾಡುತ್ತಾರೆ. ನಾನು ಫೀಸು ಯಾರು ಕಟ್ಟುತ್ತೀರಿ ಅಂತ ಕೇಳುತ್ತೇನೆ. ಆಮೇಲೆ ಎಲ್ಲರೂ ಹಂದಿ ಕರಿ ಎಷ್ಟು ಬೆಂದಿದೆ ಅಂತ ನೋಡಲು ಎದ್ದು ಹೋಗುತ್ತಾರೆ.

ಮಾರ್ಚ್‌ನಲ್ಲಿ ಹುಟ್ಟಿದವನು

ಎಲ್ಲರೂ ವರ್ಷ ಲೆಕ್ಕ ಹಾಕುತ್ತಿದ್ದೀರಿ, ತಿಂಗಳು ಯಾರೂ ನೋಡುತ್ತಿಲ್ಲ. ಕೊಡಗಿನಲ್ಲಿ ಜುಲೈ ಆಗಸ್ಟ್‌ನಲ್ಲಿ ಹೆರಿಗೆ ಡೇಟ್ ಬೀಳಿಸಿಕೊಳ್ಳಬೇಡಿ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಗುಡ್ಡ ಜರಿದಾಗ ನನ್ನ ಚಿಕ್ಕಮ್ಮನ ಮಗಳಿಗೆ ಒಂಬತ್ತು ತಿಂಗಳು. ಮಂಗಳೂರು ರಸ್ತೆ ಕುಸಿದು ಬಂದ್. ಮರ ಬಿದ್ದ ಕಡೆ ಕಡಿದು ದಾರಿ ಮಾಡಿಕೊಂಡು ಜೀಪಿನಲ್ಲಿ ಮೈಸೂರಿಗೆ ಕರೆದುಕೊಂಡು ಹೋದದ್ದು. ಮಗು ಚೆನ್ನಾಗಿದೆ, ಆದರೆ ಅವತ್ತಿನ ಜೀಪಿನ ಡ್ರೈವರ್ ನಾನೇ, ನನಗೆ ಇನ್ನೂ ಸರಿಯಾಗಿಲ್ಲ.

ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಬಸಿರು ನಿಂತದ್ದು ಜೂನ್‌ನಿಂದ ಆಗಸ್ಟ್‌ಗೆ ಬರುತ್ತದೆ. ಆ ಮೂರು ತಿಂಗಳು ತಪ್ಪಿಸಿ. ಮಳೆಗಾಲದಲ್ಲಿ ನಿಂತರೆ ಮಾರ್ಚ್‌ನಿಂದ ಮೇ. ಕೊಯ್ಲು ಮುಗಿದಿರುತ್ತದೆ, ಬಿಸಿಲಿರುತ್ತದೆ, ಬಟ್ಟೆ ಒಣಗುತ್ತದೆ. ಮಳೆಗಾಲದಲ್ಲಿ ಹೇಗೂ ಕರೆಂಟ್ ಇರುವುದಿಲ್ಲ. ನಮ್ಮ ಕ್ಲಾಸಿನಲ್ಲಿ ಮಾರ್ಚ್ ಏಪ್ರಿಲ್ ಬರ್ತ್‌ಡೇ ಎಷ್ಟು ಜನರದ್ದು ಇತ್ತು ಅಂತ ಈಗ ಅರ್ಥ ಆಗುತ್ತಿದೆ.

ಕಾದವಳು

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾವೂ ಹೀಗೇ ಕೂತು ಮೂರು ವರ್ಷ ಅಂತ ತೀರ್ಮಾನ ಮಾಡಿದ್ದೆವು. ಆಗಿದ್ದು ಏಳು. ಮೊದಲನೆಯದು ತಾನಾಗಿ ಆಗಿತ್ತು, ಎರಡನೇದೂ ಹಾಗೇ ಆಗುತ್ತದೆ ಅಂದುಕೊಂಡಿದ್ದೆವು. ಥೈರಾಯ್ಡ್ ಇತ್ತು, ಮಧ್ಯದಲ್ಲಿ ಒಂದು ಬಸಿರು ನಿಂತು, ಉಳಿಯಲಿಲ್ಲ. ಆ ವರ್ಷಗಳಲ್ಲಿ ಪ್ರತಿ ಮದುವೆ ಮನೆಯಲ್ಲೂ "ಒಂದಕ್ಕೇ ಸಾಕು ಮಾಡಿದ್ರಾ" ಅಂತ ಕೇಳಿಸಿಕೊಂಡಿದ್ದೇನೆ. ಊಟ ಬಿಟ್ಟು ಎದ್ದು ಬಂದದ್ದೂ ಇದೆ.

ನಿಮಗೆ 31, ಟೈಮ್ ಇದೆ. ಆದರೆ ನಾಲ್ಕು ವರ್ಷ ಅಂತರ ಅಂದರೆ ಹೆರಿಗೆ ಹೊತ್ತಿಗೆ 33 ದಾಟಿರುತ್ತದೆ, ತಡವಾದರೆ 35. ಮೂವತ್ತೈದರ ನಂತರ ಬಸಿರಾಗುವುದು ನಿಧಾನ ಆಗುತ್ತದೆ, ಅದು ಎಲ್ಲರಿಗೂ. ಡಾಕ್ಟರ್‌ಗಳು ಹೇಳುವುದು, 35ರ ಒಳಗಿದ್ದರೆ ಒಂದು ವರ್ಷ ಪ್ರಯತ್ನಿಸಿ ಆಗದಿದ್ದರೆ ಬನ್ನಿ, 35 ದಾಟಿದ್ದರೆ ಆರು ತಿಂಗಳಿಗೇ ಬನ್ನಿ. ಮೊದಲ ಮಗು ಇದ್ದರೂ ಇದೇ ನಿಯಮ. ಗಂಡನಿಗೂ ಪರೀಕ್ಷೆ ಮಾಡಿಸಬೇಕು. ನಮ್ಮಲ್ಲಿ ಅದನ್ನು ಕೊನೆಗೆ ಮಾಡಿಸಿದ್ದು, "ಒಂದು ಮಗು ಇದೆಯಲ್ಲ, ನನಗೇನು" ಅಂತ.

ಏಳು ವರ್ಷದ ಅಂತರದಿಂದ ಮಕ್ಕಳಿಗೆ ಏನೂ ಆಗಿಲ್ಲ. ದೊಡ್ಡವಳು ತಂಗಿಗೆ ಜಡೆ ಹಾಕುತ್ತಾಳೆ, ಚಿಕ್ಕದು ಅಕ್ಕನ ಜ್ಯಾಮಿಟ್ರಿ ಬಾಕ್ಸ್ ಬಿಚ್ಚಿ ಹಾಕುತ್ತದೆ. ಅಷ್ಟೇ.

ಕೊನೆ ಮಗ

ಮಕ್ಕಳ ಕಡೆಯಿಂದಲೂ ಒಬ್ಬ ಮಾತಾಡಲಿ. ನನಗೂ ಅಕ್ಕನಿಗೂ ಒಂಬತ್ತು ವರ್ಷ ವ್ಯತ್ಯಾಸ. ಹತ್ತಿರ ಆಗುವುದಿಲ್ಲ ಅನ್ನುವುದು ಸುಳ್ಳು. ಇವತ್ತಿಗೂ ಮನೆಯಲ್ಲಿ ಹೇಳಲಾಗದ್ದನ್ನು ಅವಳಿಗೇ ಫೋನ್ ಮಾಡಿ ಹೇಳುವುದು.

ಆದರೆ ಒಂದು ನೋಡಿ. ನನ್ನನ್ನು ಸ್ನಾನ ಮಾಡಿಸಿದ್ದು, ಅಂಗನವಾಡಿಗೆ ಬಿಟ್ಟು ತಾನು ಶಾಲೆಗೆ ಓಡಿದ್ದು, ಕೊಯ್ಲಿನಲ್ಲಿ ಅಮ್ಮ ತೋಟಕ್ಕೆ ಹೋದಾಗ ನನಗೆ ಗಂಜಿ ಕುಡಿಸಿದ್ದು ಎಲ್ಲ ಅಕ್ಕ. ಅವಳಿಗೆ ಆಗ ಹನ್ನೊಂದೋ ಹನ್ನೆರಡೋ. ಶಾಲೆಯಿಂದ ಮಡಿಕೇರಿ ದಸರಾ ನೋಡಲು ಎಲ್ಲ ಹೋದರು, ನನಗೆ ಜ್ವರ ಅಂತ ಅವಳು ಹೋಗಲಿಲ್ಲ. ದೊಡ್ಡದು ಹೆಣ್ಣಾದರೆ, ಅಂತರ ಜಾಸ್ತಿಯಾದರೆ, ಮನೆಯವರಿಗೆ ಗೊತ್ತಿಲ್ಲದೆಯೇ ಅವಳು ಅರ್ಧ ತಾಯಿ ಆಗಿಬಿಡುತ್ತಾಳೆ. ನಿಮ್ಮದೂ ಮೊದಲನೆಯದು ಹೆಣ್ಣು. ಎಷ್ಟೇ ವರ್ಷ ಬಿಡಿ, ಆ ಒಂದನ್ನು ಮಾಡಬೇಡಿ.

ಇನ್ನು "ಒಟ್ಟಿಗೆ ಬೆಳೆದರೆ ಹತ್ತಿರ" ಅನ್ನುವವರಿಗೆ: ನಮ್ಮ ಪಕ್ಕದ ತೋಟದ ಅಣ್ಣ ತಮ್ಮ ಒಂದೂವರೆ ವರ್ಷದ ಅಂತರ, ಒಂದೇ ತಟ್ಟೆಯಲ್ಲಿ ಉಂಡವರು. ಪಾಲು ಆದ ಮೇಲೆ ಇಬ್ಬರ ಮಧ್ಯೆ ಮುಳ್ಳುತಂತಿ ಬೇಲಿ, ಮಾತಿಲ್ಲ.

ಸೋಮವಾರಪೇಟೆ ಸೊಸೆ

ಇಷ್ಟು ಉತ್ತರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಕಾದವಳು ಅಕ್ಕ, ನಿಮ್ಮದು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ನಿನ್ನೆ ರಾತ್ರಿ ಗಂಡನಿಗೆ ಎರಡು ಗಂಟೆಯ ಪ್ರಶ್ನೆ ಕೇಳಿದೆ. ಮೊದಲು ನಕ್ಕರು. ಆಮೇಲೆ "ಈಗಿನಿಂದಲೇ ನನ್ನ ಹತ್ತಿರ ಮಲಗಿಸಿ ಅಭ್ಯಾಸ ಮಾಡೋಣ" ಅಂದರು. ರಾತ್ರಿ ಹಾಲು ಬಿಡಿಸುವುದೂ ಅವರ ಜವಾಬ್ದಾರಿ ಅಂತ ಒಪ್ಪಿಸಿದ್ದೇನೆ. ನಿನ್ನೆ ಇಡೀ ಮನೆ ಎದ್ದಿತ್ತು, ನಾನು ಮಾತ್ರ ಹೊದ್ದು ಮಲಗಿದ್ದೆ.

ನಾಲ್ಕು ವರ್ಷದ ಯೋಚನೆ ಕೈಬಿಟ್ಟೆ. ಮೇ ತಿಂಗಳಿಗೆ ಮಗಳಿಗೆ ಎರಡು ತುಂಬುತ್ತದೆ, ಸಿಸ್ಟರ್ ಹೇಳಿದ 24 ತಿಂಗಳು ಅಲ್ಲಿಗೆ ಆಯಿತು. ಮಳೆ ಹಿಡಿದ ಮೇಲೆ ನೋಡೋಣ ಅಂತ. ಆಗಸ್ಟ್ ಒಳಗೆ ಆದರೆ ಸರಿ, ಆಗದಿದ್ದರೆ ಡಿಸೆಂಬರ್‌ವರೆಗೆ ಬಿಟ್ಟು ಮತ್ತೆ. ಮಗಳು ಆ ಹೊತ್ತಿಗೆ ಅಂಗನವಾಡಿಗೆ ಹೋಗುವ ವಯಸ್ಸಿಗೆ ಬಂದಿರುತ್ತಾಳೆ, ಬೆಳಿಗ್ಗೆ ಮೂರ್ನಾಲ್ಕು ಗಂಟೆ ಉಸಿರಾಡಬಹುದು. ಅಮ್ಮನನ್ನು ಬಾಣಂತನಕ್ಕೆ ಕರೆಯುತ್ತೇನೆ, ಆದರೆ ಎಣ್ಣೆ ನೀರು ಹಾಕಲು ಬೇರೆ ಒಬ್ಬರನ್ನು ಗೊತ್ತು ಮಾಡುತ್ತೇನೆ. ಅಮ್ಮನ ಕೆಲಸ ಕೂತು ಹೇಳಿಕೊಡುವುದು ಮಾತ್ರ.

ಅತ್ತೆಗೆ ಕಾಫಿ ಗಿಡದ ಮಾತು ಹೇಳಿದೆ. "ನಮ್ಮ ಕಾಲದಲ್ಲಿ ಯಾರೂ ಗೊಬ್ಬರ ಹಾಕಲಿಲ್ಲ" ಅಂದರು. ಆಮೇಲೆ ಸಂಜೆ ಅವರೇ ಒಂದು ಲೋಟ ರಾಗಿ ಗಂಜಿ ತಂದು ಪಕ್ಕದಲ್ಲಿಟ್ಟು ಹೋದರು.

ಸಿಸ್ಟರ್, ಒಂದು ಕೊನೆ ಪ್ರಶ್ನೆ. ಅಲ್ಲಿಯವರೆಗೆ ಬಸಿರು ನಿಲ್ಲದ ಹಾಗೆ ಅಂತರಾ ಇಂಜೆಕ್ಷನ್ ಹಾಕಿಸಿಕೊಳ್ಳಲಾ? ನಮ್ಮ ಆಶಾ ಅಕ್ಕ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಅಂದರು.

ನಿವೃತ್ತ ಸಿಸ್ಟರ್, ವಿರಾಜಪೇಟೆ

ಬೇಡ. ಇಂಜೆಕ್ಷನ್ ಒಳ್ಳೆಯದೇ, ಆದರೆ ನಿನ್ನ ಲೆಕ್ಕಕ್ಕೆ ಹೊಂದುವುದಿಲ್ಲ. ಅದು ಮೂರು ತಿಂಗಳಿಗೊಮ್ಮೆ ಹಾಕುವುದು, ನಿಲ್ಲಿಸಿದ ಮೇಲೆ ಬಸಿರು ನಿಲ್ಲಲು ಏಳರಿಂದ ಹತ್ತು ತಿಂಗಳು ಹಿಡಿಯುತ್ತದೆ. ಈಗ ಒಂದು ಹಾಕಿಸಿಕೊಂಡರೂ ನಿನ್ನ ಮಳೆಗಾಲ ಹೋಯಿತು. ಕಾಪರ್-ಟಿ ತೆಗೆದ ಕೂಡಲೇ ಆಗಬಹುದು, ಆದರೆ ನಾಲ್ಕು ತಿಂಗಳಿಗೆ ಯಾಕೆ ಹಾಕಿಸುವುದು? ನಿರೋಧ್ ಸಾಕು, ಅದೂ ಉಚಿತ. ಬೇಡ ಅಂದರೆ ಛಾಯಾ ಮಾತ್ರೆ ಇದೆ, ಹಾಲು ಕುಡಿಸುವವರೂ ತೆಗೆದುಕೊಳ್ಳಬಹುದು. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಮುಟ್ಟು ಹಿಂದೆ ಮುಂದೆ ಆಗುತ್ತದೆ, ಗಾಬರಿ ಬೇಡ, ಹದಿನೈದು ದಿನಕ್ಕಿಂತ ತಡವಾದರೆ ಮಾತ್ರ ಪರೀಕ್ಷೆ ಮಾಡಿಸು. ಪಿಸಿಓಡಿ (ಅಂಡಾಶಯದಲ್ಲಿ ಗುಳ್ಳೆಯ ತೊಂದರೆ) ಇದ್ದರೆ ಆ ಮಾತ್ರೆ ಆಗುವುದಿಲ್ಲ, ಡಾಕ್ಟರಿಗೆ ಮೊದಲೇ ಹೇಳು.

ಈ ತಿಂಗಳಲ್ಲೇ ಹೋಗಿ ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್ ಮೂರೂ ನೋಡಿಸಿಕೋ. ಫೋಲಿಕ್ ಆಸಿಡ್ 400 ಮೈಕ್ರೋಗ್ರಾಂ ದಿನಕ್ಕೆ ಒಂದು, ಪ್ರಯತ್ನ ಶುರು ಮಾಡುವ ಮೂರು ತಿಂಗಳು ಮುಂಚಿನಿಂದ. ಹೋಗುವಾಗ ಗಂಡನನ್ನೂ ಕರೆದುಕೊಂಡು ಹೋಗು. ರೋಬಸ್ಟಾ ಕೊಯ್ಲು ಮುಗಿಯಲಿ ಅಂತ ಕಾಯಬೇಡ, ಅವರು ಒಂದು ದಿನ ತೋಟಕ್ಕೆ ಹೋಗದಿದ್ದರೆ ಕಾಫಿ ಎಲ್ಲಿಗೂ ಓಡಿ ಹೋಗುವುದಿಲ್ಲ.